ಹಳ್ಳಕ್ಕೆ ಬಿಟ್ಟ ಜಿಲೇಬಿ ಮೀನು

ಮೀನುಗಳು ಮನುಷ್ಯರಿಗಿಂತ ಚೆನ್ನಾಗಿ ಹೊಂದಿಕೊಂಡು ಬಾಳುತ್ತವೆ ಎಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಗೌನಿಪಲ್ಲಿ ಪಕ್ಕದ ನಮ್ಮೂರ ಕೆರೆಯ ಕೋಡಿ ಹಳ್ಳವೇ ನನ್ನ ಕರಿಹಲಗೆ. ಮೇಲುನೀರಿನಲ್ಲಿ ಬೆಳ್ಳಿಮೈಯ ಪುಟ್ಟ ಮೀನು ಸೊಳ್ಳೆ ಹಿಡಿಯುತ್ತದೆ, ನಡುವೆ ಪಕ್ಕೆ ಮೀನು ಪಾಚಿ ಮೆಲ್ಲುತ್ತದೆ, ತಳದ ಮರಳಿಗೆ ಹೊಟ್ಟೆ ಅಂಟಿಸಿಕೊಂಡ ಇನ್ನೊಂದು ಮೀನು ಹುಳ ಕೆದಕುತ್ತದೆ. ಮೇವು ಹೇರಳವಾಗಿದ್ದರೆ ಎಲ್ಲವೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತವೆ. ಕೊರತೆಯಾದರೆ ಜಗಳವಿಲ್ಲದೆ ತಂತಮ್ಮ ಮೂಲೆಗೆ ಸರಿಯುತ್ತವೆ. ಮಾವಿನ ತೋಪಿನ ಬದುವಿಗಾಗಿ ನಾನೂ ನನ್ನ ತಮ್ಮನೂ ಮಾತು ಬಿಟ್ಟಿದ್ದನ್ನು ಮಾತ್ರ ಮಕ್ಕಳಿಗೆ ಹೇಳುತ್ತಿರಲಿಲ್ಲ.

ಪಾಠಕ್ಕೆಂದು ಶಾಲೆಯ ತೊಟ್ಟಿಯಲ್ಲಿ ಜಿಲೇಬಿ ಮೀನು, ಅಂದರೆ ಹೊರದೇಶದ ತಿಲಾಪಿಯಾ, ಸಾಕಿದ್ದೆ. ಏನು ಹಾಕಿದರೂ ತಿನ್ನುವ, ಎಂಥ ನೀರಿನಲ್ಲೂ ಬದುಕುವ, ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಮೀನು. ನಿವೃತ್ತನಾದ ದಿನ, ಇನ್ನು ಇವನ್ನು ಯಾರು ನೋಡುತ್ತಾರೆಂದು ಚಿಂತೆ ಹತ್ತಿತು. ಕೊರಳಿನ ಹಾರ ತೆಗೆಯದೆಯೇ ಎರಡು ಬಕೆಟ್ ಮೀನನ್ನು ಹಳ್ಳಕ್ಕೆ ಸುರಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಮೇಲೆ, ನಡುವೆ, ತಳದಲ್ಲಿ, ಎಲ್ಲೆಲ್ಲೂ ಜಿಲೇಬಿಯೇ. ಶಾಲೆಯಲ್ಲೇ ಬೆಳೆದರೂ ನನ್ನ ಪಾಠ ಅವುಗಳ ತಲೆಗೆ ಹತ್ತಿರಲಿಲ್ಲ.

ಕಳೆದ ವರ್ಷ ನೆರೆಮನೆಯ ಮುನಿವೆಂಕಟಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಅದೇ ಹಳ್ಳದಲ್ಲಿ ನನಗೆ ಮೀನು ಹಿಡಿಯಲು ಕಲಿಸಿದ ಗೆಳೆಯ ಅವನು. ತಿಳಿಸಾರು ಬಿಟ್ಟರೆ ಏನೂ ಒಳಗಿಳಿಯುತ್ತಿರಲಿಲ್ಲ.

"ಒಂದ್ ಕಿತ ಪಕ್ಕೆ ಮೀನಿನ ಸಾರು ಕುಡ್ದ್‌ಬಿಟ್ರೆ ಸಾಕು ಮೇಷ್ಟ್ರೇ, ಇನ್ನೇನೂ ಬ್ಯಾಡ," ಎಂದ.

ನಾಲ್ಕು ದಿನ ಬಲೆ ಹಾಕಿದೆ. ಒಂದು ಪಕ್ಕೆಯೂ ಬೀಳಲಿಲ್ಲ. ಐದನೆಯ ದಿನ ಜಿಲೇಬಿಯನ್ನೇ ಅವನ ಹೆಂಡತಿ ನಾರಾಯಣಮ್ಮನ ಕೈಗಿತ್ತು, ಪಕ್ಕೆಯೆಂದೇ ಹೇಳಮ್ಮ ಎಂದೆ. ಅವನು ಒಂದು ಗುಟುಕು ಕುಡಿದು ಬಟ್ಟಲು ಪಕ್ಕಕ್ಕಿಟ್ಟ.

"ಜಿಲೇಬಿ ಅಲ್ವಾ? ಯಾವ ಪುಣ್ಯಾತ್ಮ ತಂದು ಬಿಟ್ನೋ ನಮ್ಮ ಹಳ್ಳಕ್ಕೆ."

ನಾನು ಬಟ್ಟಲೆತ್ತಿಕೊಂಡು ತೊಳೆಯಲು ಹೋದೆ. ಅದೇ ವಾರ ಅವನು ಹೋಗಿಬಿಟ್ಟ. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮೂರನೆಯ ದಿನ ಹಾಲುತುಪ್ಪ. ನಮ್ಮಲ್ಲಿ ಅಂದು ಸತ್ತವರಿಗೆ ಇಷ್ಟವಾದದ್ದನ್ನು ಸಮಾಧಿಯ ಮೇಲೆ ಎಡೆ ಇಡುತ್ತಾರೆ. ಕಾಗೆ ಮುಟ್ಟದಿದ್ದರೆ ಆಸೆ ಉಳಿದಿದೆ ಎಂದರ್ಥ. ಪಕ್ಕೆ ಸಿಗದೆ ನಾರಾಯಣಮ್ಮ ಜಿಲೇಬಿಯನ್ನೇ ಬೇಯಿಸಿ ತಂದಿಟ್ಟಳು. ಕಾಗೆ ಬಾರದಿದ್ದರೆ ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದೆಂದು ನಿಶ್ಚಯಿಸಿ ನಿಂತೆ. ನಾವು ನಾಲ್ಕು ಹೆಜ್ಜೆ ಹಿಂದೆ ಸರಿಯುವ ಮೊದಲೇ ಕಾಗೆಯೊಂದು ಇಳಿದು, ಮೀನು ಕಚ್ಚಿಕೊಂಡು ಹಾರಿತು.

"ತೃಪ್ತಿ ಆಯ್ತು ಬಿಡಿ ಅವ್ರಿಗೆ," ಎಂದು ನಾರಾಯಣಮ್ಮ ಕಣ್ಣೊರೆಸಿಕೊಂಡಳು.

ನಾನೂ ತಲೆಯಾಡಿಸಿದೆ. ನಮ್ಮೂರ ಕಾಗೆಗೂ ಈಗ ಬೇರೆ ಮೀನು ಸಿಗುವುದಿಲ್ಲ ಎಂಬುದನ್ನು ನಿಮಗೆ ಹೇಳಿದ್ದೇನೆ. ಆಕೆಗೆ ಇನ್ನೂ ಹೇಳಿಲ್ಲ.