ನಾಲ್ಕನೆಯ ಕ್ಲಾಕ್

2005ರಲ್ಲಿ ನಾನು ಹೈದರಾಬಾದಿನ ಬಾಲಾನಗರದ ಸಣ್ಣ ಕಂಪನಿಯೊಂದರಲ್ಲಿ ಸೀನಿಯರ್ ಡಿಸೈನ್ ಎಂಜಿನಿಯರ್ ಆಗಿದ್ದೆ. ಊರಿಗೆ ಊರೇ ಸಾಫ್ಟ್‌ವೇರ್ ಕಡೆಗೆ ಓಡುತ್ತಿದ್ದಾಗ ಹಾರ್ಡ್‌ವೇರ್ ಹಿಡಿದು ಕೂತಿದ್ದ ನಮಗೆ ಸ್ವಲ್ಪ ಜಂಬವೂ ಇತ್ತು. ನಮ್ಮದು ಎಫ್‌ಪಿಜಿಎ ಕೆಲಸ, ಅಂದರೆ ಕೋಡ್ ಬರೆದು ಚಿಪ್ಪಿನೊಳಗಿನ ಸರ್ಕ್ಯೂಟನ್ನು ರೂಪಿಸುವುದು. ಆ ಕೋಡನ್ನು ಸರ್ಕ್ಯೂಟಾಗಿಸುವ ಸಾಫ್ಟ್‌ವೇರಿಗೆ ಸಿಂಥೆಸಿಸ್ ಟೂಲ್ ಎನ್ನುತ್ತಾರೆ.

ಚಿಪ್ಪಿನ ಭಾಗಗಳೆಲ್ಲ ಕ್ಲಾಕ್ ಎಂಬ ಸಿಗ್ನಲ್ಲಿನ ತಾಳಕ್ಕೆ ನಡೆಯುತ್ತವೆ. ಆ ತಾಳ ಎಲ್ಲ ಕಡೆಗೂ ಒಂದೇ ಹೊತ್ತಿಗೆ ಮುಟ್ಟಲು ಬಫರ್ ಎಂಬ ಸಣ್ಣ ಸರ್ಕ್ಯೂಟ್ ಬೇಕು. ಅದನ್ನು ಟೂಲ್ ತಾನೇ ಹಾಕುತ್ತದೆ. ಬೇಕಿದ್ದರೆ ನಾವೇ ಕೈಯಿಂದಲೂ ಹಾಕಬಹುದು. ನಾನು ಕೈಯಿಂದಲೇ ಹಾಕುವವನು. ಟೂಲಿಗೇನು ಗೊತ್ತಾಗುತ್ತದೆ ಎಂಬ ಅಹಂಕಾರ. ಪ್ರತಿ ಪ್ರಾಜೆಕ್ಟಿಗೂ ನನ್ನ ಹಳೆಯ ಸೆಟ್ಟಿಂಗ್ಸ್ ಫೈಲನ್ನೇ ನಕಲು ಮಾಡುತ್ತಿದ್ದೆ. ಅದರಲ್ಲಿ ಆಟೊಮ್ಯಾಟಿಕ್ ಬಫರ್ ಬಂದ್ ಆಗಿರುತ್ತಿತ್ತು.

ಆ ಸಲ ಇಂಥ ಚಿಪ್ ಕೂರಿಸಿದ ಹನ್ನೆರಡು ಬೋರ್ಡುಗಳ ಆರ್ಡರ್ ಇತ್ತು. ಮೂರು ಕ್ಲಾಕಿಗೆ ಬಫರ್ ಹಾಕಿದ್ದೆ. ಕೊನೆಯ ವಾರ ಗ್ರಾಹಕರು ನಾಲ್ಕನೆಯದನ್ನು ಸೇರಿಸಿದರು. ಅದಕ್ಕೆ ನಾನು ಬಫರ್ ಹಾಕಲಿಲ್ಲ, ಟೂಲನ್ನು ಹಾಕಗೊಡಲೂ ಇಲ್ಲ. ಟೂಲ್ ಎಚ್ಚರಿಕೆ ಕೊಟ್ಟಿತ್ತು. ಆದರೆ ರಿಪೋರ್ಟಿನಲ್ಲಿ ಎರರ್ ಮಾತ್ರ ನೋಡಿ, ಸಾವಿರಾರು ವಾರ್ನಿಂಗ್‌ಗಳನ್ನು ಬಿಟ್ಟುಬಿಡುವುದು ನಮ್ಮ ರೂಢಿ.

ಬಿಸಿ ಮಾಡಿ ಪರೀಕ್ಷಿಸುವ ಟೆಸ್ಟ್ ಪೆಟ್ಟಿಗೆಯೊಳಗೆ ಐವತ್ತೈದು ಡಿಗ್ರಿ ದಾಟಿದೊಡನೆ ಐದು ಬೋರ್ಡುಗಳು ತಪ್ಪು ಲೆಕ್ಕ ಕೊಡತೊಡಗಿದವು. ಬಿಸಿಯಾದಾಗ ಕೈಕೊಡುವುದು ಸಡಿಲ ಬೆಸುಗೆಯ ಲಕ್ಷಣವೂ ಹೌದು. ಮ್ಯಾನೇಜರ್ ಕೇಳಿದಾಗ ನಾನು ಒಂದೇ ಮಾತು ಹೇಳಿದೆ: "ಕೋಡ್‌ನಲ್ಲಿ ತಪ್ಪಿಲ್ಲ."

ಬೆಸುಗೆ ಮಹಾನಂದಾ ಅವರದು. ರಾಯಚೂರು ಕಡೆಯವರು, ಎಂಟು ವರ್ಷದಿಂದ ಮೈಕ್ರೋಸ್ಕೋಪ್ ಕೆಳಗೆ ಚಿಪ್ಪಿನ ಕೂದಲೆಳೆಯಂಥ ಕಾಲುಗಳಿಗೆ ಬೆಸುಗೆ ಹಾಕುತ್ತಿದ್ದ ಗುತ್ತಿಗೆ ಕೆಲಸಗಾರ್ತಿ. ಅವರು ಐದೂ ಬೋರ್ಡುಗಳನ್ನು ಎರಡೆರಡು ಸಲ ಬಿಚ್ಚಿ ಬೆಸೆದರು. ಫಲಿತಾಂಶ ಅದೇ. ಮೂರನೆಯ ವಾರ ಮ್ಯಾನೇಜರ್ ಅವರನ್ನು ಕರೆದು, ನಾಳೆಯಿಂದ ಬರಬೇಡಿ ಎಂದರು. ನಾನು ಪಕ್ಕದ ಕೋಣೆಯಲ್ಲೇ ಇದ್ದೆ.

ಆಮೇಲೆ ಹೊರಗಡೆ ಮಷೀನಿನಲ್ಲಿ ಬೆಸೆದು ತಂದ ಬೋರ್ಡೂ ಹಾಗೆಯೇ ಕೈಕೊಟ್ಟಿತು. ಆಗ ರಿಪೋರ್ಟನ್ನು ಮೊದಲಿನಿಂದ ಓದಿದೆ. ನಾಲ್ಕನೆಯ ಕ್ಲಾಕಿಗೆ ಬಫರ್ ಇಲ್ಲವೆಂಬ ವಾರ್ನಿಂಗ್ ಒಂದೇ ಸಾಲಿನಲ್ಲಿತ್ತು; ಚಿಪ್ ಬಿಸಿಯಾದಾಗ ತಾಳ ತಪ್ಪುತ್ತಿದ್ದದ್ದು ಅದರಿಂದಲೇ. ಸರಿಪಡಿಸಲು ಹತ್ತು ನಿಮಿಷ ಹಿಡಿಯಿತು. ಮ್ಯಾನೇಜರಿಗೆ ಎಲ್ಲ ಹೇಳಿದೆ. ಬೋರ್ಡು ಕಳಿಸು, ಹಳೆಯದನ್ನು ಕೆದಕಬೇಡ ಎಂದರು. ನಾನು ತಲೆಯಾಡಿಸಿದೆ. ಆ ತಲೆಯಾಡಿಸಿದ್ದಕ್ಕೆ ಇಂದಿಗೂ ನನ್ನ ಮೇಲೆ ನನಗೆ ಅಸಹ್ಯವಿದೆ.

ಏಳು ತಿಂಗಳ ನಂತರ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನಲ್ಲಿ ಮಹಾನಂದಾ ಸಿಕ್ಕರು. ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದರು. ಬೇರೆ ಕಂಪನಿಯವರು ಕರೆದರೂ ಹೋಗಿರಲಿಲ್ಲ. ಬೆಸುಗೆಯ ಕಡ್ಡಿ ಹಿಡಿದರೆ ಭಯವಾಗುತ್ತದಂತೆ.

"ನನ್ನ ಕೈ ಕೆಟ್ಟಾವ್ರಿ ಸರ," ಎಂದರು.

ತಪ್ಪು ನನ್ನದೆಂದು ಹೇಳಿದೆ. ಬಫರ್, ಫೈಲು, ವಾರ್ನಿಂಗ್, ಒಂದನ್ನೂ ಬಿಡದೆ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡು ನಕ್ಕರು.

"ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ಗೊತ್ತೈತಿ. ನೀವು ಭಾಳ ಒಳ್ಳೇವ್ರು ಸರ."

ಬಸ್ ಬಂತು, ಹತ್ತಿ ಹೋದರು.

ಅಂದಿನಿಂದ ನಾನು ಪ್ರತಿ ವಾರ್ನಿಂಗನ್ನೂ ಓದುತ್ತೇನೆ. ಇನ್ನೊಬ್ಬರ ಕೈ ಮೇಲೆ ತಪ್ಪು ಹಾಕುವ ಮೊದಲು ನನ್ನ ಫೈಲನ್ನು ಬಿಚ್ಚುತ್ತೇನೆ. ವೃತ್ತಿ ಕಲಿಸಿದ ಪಾಠ ಇಷ್ಟೇ, ಕಲಿತದ್ದು ತಡವಾಗಿ. ಮಹಾನಂದಾ ಮತ್ತೆ ಬೆಸುಗೆಗೆ ಕೂರಲಿಲ್ಲ.