ರಾಹುಕಾಲದ ಕಮಿಟ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ: ಎಪ್ಪತ್ತು ದಾಟಿದ ನಾನು ಬಸ್ ವೇಳೆ ತಿಳಿಸುವ ಆ್ಯಪಿಗೆ ಕೋಡ್ ಬರೆಯುತ್ತೇನೆ. ಹಾಸನದಲ್ಲಿ ನನ್ನಷ್ಟು ಚೆನ್ನಾಗಿ ಬರೆಯುವವರು ಇನ್ನೂ ಹುಟ್ಟಿಲ್ಲ.

ನಾವು ಮೂವರು. ಚನ್ನರಾಯಪಟ್ಟಣದ ಕಾಲೇಜು ಮೇಡಂ ಆ್ಯಪಿನ ಯಜಮಾನಿ. ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ನನ್ನ ದೋಸ್ತ್. ಆಮೇಲೆ ನಾನು, ಅಂದರೆ ತಂಡದ ತಲೆ. ಮಾಡಿದ ಬದಲಾವಣೆಯನ್ನು ನಮ್ಮ ಕಂಪ್ಯೂಟರಿನಲ್ಲೇ ಗುರುತು ಹಾಕಿ ಇಡುವುದು ಕಮಿಟ್. ಅದನ್ನು ಎಲ್ಲರ ಕೋಡಿಗೆ ಕಳಿಸುವುದು ಪುಶ್. ಒಂದು ಕಮಿಟ್ಟಿಗೆ ಒಂದೇ ವಿಷಯ, ಯಾಕೆ ಮಾಡಿದಿರಿ ಅಂತ ಒಂದು ಸಾಲು: ಇದು ಮೇಡಂ ಕಟ್ಟಳೆ. ನನ್ನ ಸಾಲು ಓದಿ ಅವರು ಕ್ಲಾಸಿನಲ್ಲೇ ನಕ್ಕಿದ್ದುಂಟು.

ರಾಹುಕಾಲದಲ್ಲಿ ಫೋಟೋ ತೆಗೆಸಲು ಯಾರೂ ಬರುವುದಿಲ್ಲ. ಹಾಗಾಗಿ ದೋಸ್ತ್‌ಗೆ ಕೋಡ್ ತಿದ್ದಲು ಬಿಡುವು ಸಿಗುವುದು ಆಗಲೇ. ತಿದ್ದುತ್ತಾನೆ, ಆದರೆ ಕಮಿಟ್ ಎಂಬ ಶುಭಕಾರ್ಯ ಮಾತ್ರ ಆ ಹೊತ್ತಿನಲ್ಲಿ ಮಾಡ. ಒಂದು ಭಾನುವಾರ ವಾರದ ಕೆಲಸವನ್ನೆಲ್ಲ ಒಂದೇ ಕಮಿಟ್ಟಿನಲ್ಲಿ ಮೂಟೆ ಕಟ್ಟಿ ಕಳಿಸಿದ. ಬರೆದಿದ್ದ ಸಾಲು, 'ಎಲ್ಲಾ ಸರಿ ಮಾಡಿದೀನಿ.' ಆ್ಯಪಿನಲ್ಲಿ ಅರಕಲಗೂಡಿನ ಬಸ್ಸುಗಳೇ ಮಾಯ.

ಮಾರನೆಯ ದಿನ, ಸೋಮವಾರ ಹತ್ತಕ್ಕೆ ಹಾಸನದ ಬಸ್ ಸ್ಟ್ಯಾಂಡಿನ ಕಂಟ್ರೋಲರಿಗೆ ಆ್ಯಪ್ ತೋರಿಸಬೇಕು. ಒಪ್ಪಿದರೆ ಸ್ಟ್ಯಾಂಡಿನ ಟಿವಿಯಲ್ಲಿ ಅದೇ ಓಡುತ್ತದೆ, ಇಲ್ಲದಿದ್ದರೆ ಮೇಡಂ ಶ್ರಮವೆಲ್ಲ ನೀರುಪಾಲು. ಮೂಟೆಯನ್ನೇ ತೆಗೆದುಹಾಕಿದರೆ ಕಟ್ಟಾಯದ ಹೊಸ ಸ್ಟಾಪು, ವಯಸ್ಸಾದವರಿಗೆಂದು ಮಾಡಿದ ದಪ್ಪ ಅಕ್ಷರ, ಎರಡೂ ಹೋಗುತ್ತವೆ. ಬಿಚ್ಚಿ ಬಿಡಿಬಿಡಿಯಾಗಿ ಕಳಿಸಿ ಎಂದು ಮೇಡಂ ಸೋಮವಾರ ಬೆಳಿಗ್ಗೆ ಏಳೂವರೆಗೆ ಕೇಳಿದರೆ, ಒಂಬತ್ತರವರೆಗೆ ರಾಹುಕಾಲ ಅಂದು ಇವನು ಕೈಕಟ್ಟಿ ಕೂತ. ಮೇಡಂ ನನಗೆ ಫೋನ್ ಮಾಡಿದಾಗ ಅಳುವುದೊಂದು ಬಾಕಿ. ನಾನು ಮೊದಲು ಸಾಲಗಾಮೆಯ ಜೋಯಿಸರನ್ನು ಫೋನಿನಲ್ಲಿ ವಿಚಾರಿಸಿ, ಆಮೇಲೆ ದೋಸ್ತ್‌ನನ್ನೂ ಫೋನಿನಲ್ಲೇ ಹಿಡಿದೆ.

"ಕಮಿಟ್ ಅನ್ನಾದು ಮನೆ ಒಳಗಿನ ಕೆಲ್ಸ ಕಣ್ಲಾ. ಪುಶ್ ಮಾಡುದ್ರೆ ತಾನೆ ವಸ್ಲು ದಾಟಾದು?"

"ಯಾವ ಪಂಚಾಂಗ್ದಲ್ಲಿ ಐತ್ಲಾ ಅದು?"

"ಜೋಯಿಸ್ರೇ ಅಂದವ್ರೆ. ಒಳಗೇ ಕುಂತು ಒಂದೊಂದಾಗಿ ಕಮಿಟ್ ಮಾಡ್ಕೊ. ಒಂಬತ್ತಾದ್ಮೇಲೆ ವಸ್ಲು ದಾಟ್ಸು."

ಗೊಣಗುತ್ತಲೇ ಮೂಟೆ ಬಿಚ್ಚಿ ಶುರು ಮಾಡಿದ. ದಪ್ಪ ಅಕ್ಷರ ಕಮಿಟ್ ಮಾಡಿ ಆ್ಯಪ್ ನೋಡಿದ, ಅರಕಲಗೂಡಿನ ಬಸ್ಸುಗಳು ಇದ್ದವು. ಕಟ್ಟಾಯ ಸೇರಿಸಿದ, ಇದ್ದವು. ಬೇಡದ ಕೋಡೆಂದು ಒಂದಿಷ್ಟು ಅಳಿಸಿದ್ದನಲ್ಲ, ಅಲ್ಲಿ ಅರಕಲಗೂಡು ಮಾಯವಾಯಿತು. ಅದೊಂದನ್ನು ಬಿಟ್ಟು, ಒಂಬತ್ತು ಹೊಡೆದದ್ದೇ ಉಳಿದದ್ದನ್ನು ಪುಶ್ ಮಾಡಿದ.

ಕಂಟ್ರೋಲರ್ ಮೊದಲು ಹುಡುಕಿದ್ದೇ ಅರಕಲಗೂಡು. ಬಸ್ಸುಗಳು ಸಾಲುಗಟ್ಟಿ ಬಂದವು. "ಇವತ್ತೇ ಟಿವಿಗೆ ಹಾಕ್ಬುಡಿ ಮೇಡಂ," ಅಂದರು. ನಾನು ಸ್ಟ್ಯಾಂಡಿನ ನಡುವೆ ನಿಂತು ಶಿಳ್ಳೆ ಹೊಡೆದೆ.

ಈಗ ದೋಸ್ತ್ ರಾಹುಕಾಲಕ್ಕೇ ಕಾದು ಕಮಿಟ್ ಮಾಡುತ್ತಾನೆ, ಒಂದಕ್ಕೆ ಒಂದೇ ವಿಷಯ. ಹೇಳಿದ್ದೆಲ್ಲ ನಿಜ, ಆ ಜೋಯಿಸರನ್ನು ಬಿಟ್ಟು. ಸಾಲಗಾಮೆಗೆ ನಾನು ಫೋನೇ ಮಾಡಿರಲಿಲ್ಲ.