ಒಂದೆಲೆ ದೋಣಿ

ನನ್ನ ಅನುವಾದದಿಂದ ಒಂದು ಎಲೆಯನ್ನು, ನನ್ನನ್ನು ಕೇಳದೆ, ಕಿತ್ತು ಹಾಕಲಾಗಿದೆ. ಕಿತ್ತವರು ನಮ್ಮ ಓದುಗರ ಬಳಗದ ಸಂಪಾದಕರು. ಕಿತ್ತ ಸ್ಥಳ ಬಳಗದ ವಾರ್ಷಿಕ ಸಂಚಿಕೆಯ ಹದಿನೇಳನೆಯ ಪುಟ, ಮೇಲಿನಿಂದ ನಾಲ್ಕನೆಯ ಸಾಲು. ಕೊಟ್ಟಾರದ ನನ್ನ ಮನೆಗೆ ಮೊನ್ನೆ ಬಂದ ಸಂಚಿಕೆಯನ್ನು ಬಿಡಿಸಿ, ಹೊಸ ಶಾಯಿಯ ವಾಸನೆಯನ್ನು ಸುಖವಾಗಿ ಒಳಗೆಳೆದುಕೊಂಡೆ. ಉಸಿರು ಹೊರಬಿಡುವುದರೊಳಗೆ ಆ ಸಾಲು ಕಣ್ಣಿಗೆ ಬಿತ್ತು. ನಾನು ಬರೆದದ್ದು ‘ಒಂದೆಲೆ ದೋಣಿ’. ಅಚ್ಚಾದದ್ದು ‘ಒಂದು ಚಿಕ್ಕ ದೋಣಿ’.

ಮೂರು ವರ್ಷಗಳ ಹಿಂದೆ ಇದೇ ಬಳಗದ ಸಭೆಯಲ್ಲಿ ನನಗಿಟ್ಟ ಕುರ್ಚಿಯ ಮೇಲೆ ಧ್ವನಿವರ್ಧಕದ ಪೆಟ್ಟಿಗೆಯನ್ನು ಕೂರಿಸಿದ್ದರು. ಅದನ್ನು ನಾನು ಮರೆತಿದ್ದೇನೆ. ಎರಡನೆಯ ಸಾಲು, ಬಲದಿಂದ ಮೂರನೆಯ ಕುರ್ಚಿ ಎಂಬುದನ್ನೂ ಮರೆತಿದ್ದೇನೆ. ಆದರೆ ಎಲೆಯ ವಿಷಯ ಹಾಗಲ್ಲ. ಫೋನು ಮಾಡಿದೆ.

“ಎಲೆಯಲ್ಲಿ ಮನುಷ್ಯ ಹೇಗೆ ಕೂತ್ಕೊಳ್ಳುವುದು ಮಾಸ್ಟ್ರೇ? ಮುಳುಗುವುದಿಲ್ವಾ?” ಎಂದರು ಸಂಪಾದಕರು. “ಜನರಿಗೆ ಅರ್ಥ ಆಗ್ಬೇಕಲ್ಲ.”

“ಯಾವ ಜನರಿಗೆ?”

“ಸಾಧಾರಣ ಜನರಿಗೆ. ಕವಿತೆ ಎಲ್ಲ ಓದದವರಿಗೆ.”

ಓದುಗ ಮಿತ್ರರೇ, ಆ ಪದ್ಯ ನನಗೇ ಅರ್ಥವಾದದ್ದು ಯಾರಿಂದ ಎಂಬುದನ್ನು ಈಗ ಹೇಳಲೇಬೇಕಾಗಿದೆ.

ನನಗೆ ಚೀನೀ ಭಾಷೆ ಬಾರದು. ದುಬೈಯಲ್ಲಿರುವ ಅಕ್ಕನ ಮಗ ರಜೆಗೆ ಬಂದಾಗ ಒಂದು ಪುಸ್ತಕ ತಂದುಕೊಟ್ಟ: ಚೀನಾದ ಹಳೆಯ ಪದ್ಯಗಳು, ಪ್ರತಿಯೊಂದು ಅಕ್ಷರದ ಕೆಳಗೆ ಅದರ ಅರ್ಥ ಇಂಗ್ಲಿಷಿನಲ್ಲಿ. ನಿವೃತ್ತ ಕನ್ನಡ ಮಾಸ್ತರನಿಗೆ ಅದಕ್ಕಿಂತ ಹೆಚ್ಚಿನ ಧೈರ್ಯ ಬೇಕೆ? ಆ ಕವಿಗಳ ಜಿಪುಣತನ ಕಂಡು ಬೆರಗಾದೆ. ‘ನಾನು’ ಎನ್ನುವುದೇ ಅಪರೂಪ. ‘ಹಾಗೆ’, ‘ಅಂತೆ’ ಎಂಬ ಊರುಗೋಲುಗಳೂ ಅಪರೂಪ. ಬಿದಿರು, ಮಂಜು, ಗಂಟೆ ಎಂದು ಮೂರು ವಸ್ತುಗಳನ್ನು ನಮ್ಮೆದುರು ಇಟ್ಟು ಎದ್ದು ಹೋಗುತ್ತಾರೆ. ಅವುಗಳ ನಡುವಿನ ನಂಟು ಹುಡುಕುವ ಕೆಲಸ ನಮ್ಮದು. ಸಣ್ಣ ದೋಣಿಯನ್ನು ಅವರು ‘ಒಂದೆಲೆ’ ಎಂದೇ ಎಣಿಸುವುದುಂಟು. ನಾನು ಆರಿಸಿಕೊಂಡದ್ದು ಬೀಳ್ಕೊಡುಗೆಯ ಪದ್ಯ: ಗೆಳೆಯ ದೋಣಿ ಹತ್ತಿ ಹೊರಟಿದ್ದಾನೆ, ಕವಿ ದಡದಲ್ಲಿ ನಿಂತಿದ್ದಾನೆ. ಬಹಳ ಸರಳ ಎಂದುಕೊಂಡು ಅನುವಾದ ಮುಗಿಸಿ, ಕಳೆದ ವರ್ಷ ಪಡೀಲಿಗೆ ಹೋಗಿ ಗಿರಿಜಕ್ಕನಿಗೆ ಓದಿ ಹೇಳಿದೆ.

ಗಿರಿಜಕ್ಕ ನನ್ನ ಒಡಹುಟ್ಟಿದವಳು, ಆ ಪುಸ್ತಕ ತಂದುಕೊಟ್ಟವನ ತಾಯಿ. ಮದುವೆಯಾದಂದಿನಿಂದ ಮೊಣಕಾಲು ಸೋಲುವವರೆಗೆ ಮೀನು ಮಾರಿ, ಈಗ ಮಗಳ ಮನೆಯಲ್ಲಿದ್ದಾಳೆ. ಓದು ಬರಹ ಬಾರದು. ನಾವು ಹುಟ್ಟಿದ್ದು ಬೆಂಗ್ರೆಯಲ್ಲಿ, ನದಿಗೂ ಕಡಲಿಗೂ ನಡುವಿನ ಮರಳ ಪಟ್ಟಿಯ ಮೇಲೆ. ಅಲ್ಲಿನ ಹೆಂಗಸರು ಮೀನಿಗೆ ಹೋದ ದೋಣಿಗಳ ದಾರಿ ಕಾಯುತ್ತ, ದೂರವನ್ನು ಎಲೆಗಳಲ್ಲಿ ಅಳೆಯುತ್ತಿದ್ದರು. ದೋಣಿ ಹುಣಸೆ ಎಲೆಯಷ್ಟು ಕಂಡರೆ ತಲೆ ಬಾಚಿಕೊಳ್ಳಲು ಹೊತ್ತಿದೆ. ಹಲಸಿನ ಎಲೆಯಷ್ಟಾದರೆ ಅನ್ನ ಬಸಿಯಬೇಕು. ತೇಗದ ಎಲೆಯಷ್ಟಾದರೆ ಬುಟ್ಟಿ ಎತ್ತಿಕೊಂಡು ಓಡಬೇಕು. ಒಮ್ಮೆ ಕಾವಲಿಗೆ ನಿಂತ ನಾನು “ತೇಗ! ತೇಗ!” ಎಂದು ಕೂಗಿ ಹತ್ತು ಹೆಂಗಸರನ್ನು ದಡಕ್ಕೆ ಓಡಿಸಿದ್ದೆ. ಬಂದದ್ದು ಮರಳು ತುಂಬಿದ ದೋಣಿ. ಅಕ್ಕ ಅದನ್ನು ಇಂದಿಗೂ ಎತ್ತಿ ಆಡುತ್ತಾಳೆ. ಮರೆಯದಿರುವುದು ನಮ್ಮ ಮನೆತನದ ಗುಣ.

ಪದ್ಯ ಕೇಳಿ ಅವಳು ಮೊದಲು ಕೇಳಿದ್ದು, “ಯಾವ ಎಲೆ?” (ಅವಳ ತುಳುವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಇದರಲ್ಲೂ ತಪ್ಪಿದ್ದರೆ ಅವಳೇ ಹೇಳುತ್ತಾಳೆ.)

“ಪುಸ್ತಕದಲ್ಲಿ ಹೇಳಿಲ್ಲ ಅಕ್ಕಾ. ಬರೀ ಒಂದೆಲೆ.”

“ದೋಣಿ ಬರುವುದಾ, ಹೋಗುವುದಾ?”

“ಹೋಗುವುದು.”

ಅಕ್ಕ ಬಾಯಿಯ ಎಲೆಯಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. “ಹಾಗಾದ್ರೆ ಹೇಗೆ ಹೇಳುವುದು ಮಾರಾಯ? ಹೊರಡುವಾಗ ತೇಗ. ಆಮೇಲೆ ಹಲಸು. ಕಡೆಗೆ ಹುಣಸೆ. ಒಂದೇ ಹೆಸರು ಹೇಳಿದ್ರೆ ದೋಣಿ ಅಲ್ಲಿಯೇ ನಿಲ್ತದೆ. ಪದ್ಯ ಕಟ್ಟಿದವನಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ.”

ಎರಡು ವರ್ಷ ಶಬ್ದಕೋಶ ತಿರುವಿದ ನನಗೆ ಕಾಣದ ನದಿ ಅವಳ ಮಾತಿನಲ್ಲಿ ಉದ್ದಕ್ಕೂ ಹರಿಯಿತು. ದಡದಲ್ಲಿ ನಿಂತವನ ದುಃಖದ ಬಗ್ಗೆ ಪದ್ಯದಲ್ಲಿ ಒಂದಕ್ಷರವಿರಲಿಲ್ಲ. ಆ ಎಲೆ ಕಿರಿದಾಗುತ್ತಿರುವುದೇ ದುಃಖವಾಗಿತ್ತು. “ಅಚ್ಚಾದ ಮೇಲೆ ತಂದು ಓದು” ಎಂದಿದ್ದಳು ಅಕ್ಕ.

ನಿನ್ನೆ ಪಂಪ್‌ವೆಲ್‌ನಲ್ಲಿ ಬಸ್ಸು ಬದಲಿಸಿ, ಸಂಚಿಕೆಯನ್ನು ಕಂಕುಳಲ್ಲಿಟ್ಟುಕೊಂಡು ಪಡೀಲಿಗೆ ಹೋದೆ. ನನ್ನ ಸಾಲನ್ನೇ ಬಾಯಿಪಾಠ ಒಪ್ಪಿಸಿಬಿಡಬಹುದಿತ್ತು, ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ನನಗೆ ಸಾಕ್ಷಿ ಬೇಕಿತ್ತು. ಅಚ್ಚಾದದ್ದನ್ನು ಅಚ್ಚಾದಂತೆಯೇ ಓದಿದೆ.

“ನಿಲ್ಲು” ಎಂದಳು ಅಕ್ಕ. “ಅವನ ದೋಣಿ ಯಾಕೆ ನಿಂತಿತು?”

“ಹೇಗೆ ಗೊತ್ತಾಯಿತು?”

“ಚಿಕ್ಕದು ಚಿಕ್ಕದಾಗಿಯೇ ಉಂಟಲ್ಲ, ಹೋಗುವುದೇ ಇಲ್ಲ! ನೀನೇ ಪುನಃ ಎಂತದೋ ಮರಳಿನ ದೋಣಿ ತಂದದ್ದಾ?”

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ವಾದ ಗೆದ್ದ ಸಂತೋಷ ಒಂದು ಪಾಲು, ಉಳಿದದ್ದು ಬೇರೆಯದೇ. ನನ್ನ ಪದ ಹೋಯಿತೆಂದು ಮೊನ್ನೆಯಿಂದ ಕುದಿಯುತ್ತಿದ್ದೆ. ಅದು ನನ್ನದೇ ಆಗಿರಲಿಲ್ಲ. ಒಬ್ಬ ಚೀನೀ ಕವಿಯೂ ಬೆಂಗ್ರೆಯ ಒಬ್ಬ ಹೆಂಗಸೂ ನನ್ನ ಕೈಯಲ್ಲಿ ಕೊಟ್ಟು ಕಳಿಸಿದ್ದನ್ನು ನಾನು ದಾರಿಯಲ್ಲಿ ಕಳೆದುಕೊಂಡಿದ್ದೆ, ಅಷ್ಟೆ.

ಸಂಚಿಕೆಯ ಎರಡನೆಯ ಮುದ್ರಣ ಸಿದ್ಧವಾಗುತ್ತಿದೆಯೆಂದು ಕೇಳಿದ್ದೇನೆ. ಆದ್ದರಿಂದ ಸಂಪಾದಕರಲ್ಲಿ ಒಂದು ಪ್ರಶ್ನೆ: ಕವಿತೆ ಓದದ ನಿಮ್ಮ ಆ ಸಾಧಾರಣ ಜನರು ಪಡೀಲಿನಲ್ಲಿ ಕಾದು ಕುಳಿತಿದ್ದಾರೆ, ಎಲೆಯನ್ನು ಹಿಂದಿರುಗಿಸುತ್ತೀರೋ, ಅಥವಾ ದೋಣಿ ಯಾಕೆ ನಿಂತಿತೆಂದು ಅವರಿಗೆ ನೀವೇ ಬಂದು ಹೇಳುತ್ತೀರೋ?